ಶಾಸನದ ಸಂಧಿಸ್ಥಾನಗಳು

ಹಳೆಯ ಶಿಲಾಶಾಸನಗಳಲ್ಲಿ ಅಭಿರುಚಿ ತಳೆದವರು ಸಾಮಾನ್ಯವಾಗಿ ಮೊದಲು ಲಿಪಿಯ ತೊಡಕನ್ನು ಬಿಡಿಸಿಕೊಳ್ಳುತ್ತಾರೆ, ಅನಂತರ ಶಬ್ದಾರ್ಥಕ್ಕಾಗಿ ನಿಘಂಟನ್ನು ಆಶ್ರಯಿಸುತ್ತಾರೆ, ಇವೆರಡೂ ಕೈವಶವಾದೊಡನೆ ಓದು ಮುಗಿಯಿತೆಂದು ಸಮಾಧಾನ ತಾಳುತ್ತಾರೆ. ಆದರೆ ಬರಹವೊಂದು ತನ್ನ ಮಾತುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ, ಯಾವುದನ್ನು ಮುಂದಿಟ್ಟು ಯಾವುದನ್ನು ಹಿಂದಿರಿಸಿದೆ, ಎಲ್ಲಿ ತ್ವರೆಯಿಂದ ಸಾಗಿ ಎಲ್ಲಿ ತಂಗಿ ನಿಂತಿದೆ ಎಂಬುದನ್ನು ಗುರುತಿಸದವನು ಅದರ ಪ್ರತಿಯೊಂದು ಪದವನ್ನು ಬಲ್ಲವನಾದರೂ ಅದರ ಅಭಿಪ್ರಾಯವನ್ನು ಬಲ್ಲವನಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಆ ನಂಬಿಕೆಗೆ ನಮ್ಮ ಹಿರೇಕೆರೂರು ತಾಲೂಕಿನಲ್ಲಿಯೇ ಒಂದು ಶ್ರೇಷ್ಠವಾದ ಆಧಾರವಿದೆ: ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ ಏಕಾಂತದ ರಾಮಯ್ಯನ ಶಾಸನ. ಜೆ. ಎಫ್. ಫ್ಲೀಟರು ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಇದನ್ನು ಊರಿನ ಇತರ ಶಾಸನಗಳೊಡನೆ ಪ್ರಕಟಿಸಿ, ಸುಮಾರು 1200ರ ಕಾಲದ್ದೆಂದು ನಿರ್ಣಯಿಸಿದರು. ಈ ವಾರ ಅದರ ಚರಿತ್ರಾಂಶಕ್ಕಿಂತ ಅದರ ವಿನ್ಯಾಸವನ್ನು ವಾಚಕರ ಮುಂದಿಡಬಯಸುತ್ತೇನೆ.

ಅಸಾಮಾನ್ಯವಾದುದನ್ನು ಗುರುತಿಸಬೇಕಾದರೆ ಸಾಮಾನ್ಯವಾದುದು ಚೆನ್ನಾಗಿ ಪರಿಚಿತವಾಗಿರಬೇಕು. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಬನವಾಸಿ ಹನ್ನೆರಡು ಸಾಸಿರ, ಪಾನುಂಗಲ್ಲು ಐನೂರು ಮುಂತಾದ ನಾಡುಗಳಲ್ಲಿ ಹುಟ್ಟಿದ ದಾನಶಾಸನಗಳಲ್ಲಿ ಬಹುಪಾಲಿಗೆ ಒಂದು ಸ್ಥಿರವಾದ ಅಂಗವಿನ್ಯಾಸವುಂಟು. ಶೈವಶಾಸನವಾದರೆ ಬಾಣನ ಹರ್ಷಚರಿತದ ಆರಂಭದಲ್ಲಿ ಬರುವ ಶಿವಸ್ತುತಿಯಿಂದ, ಜೈನಶಾಸನವಾದರೆ ಜಿನಶಾಸನದ ಜಯಕಾರದಿಂದ ಪ್ರಾರಂಭ. ತರುವಾಯ ಸಾರ್ವಭೌಮನ ಪ್ರಶಸ್ತಿ, ಅವನಿಗೆ ಅಧೀನನಾದ ಮಂಡಲಿಕನ ಬಿರುದಾವಳಿ, ನಾಡಿನ ಮತ್ತು ಊರಿನ ವರ್ಣನೆ, ದೇವಾಲಯದ ಸ್ಥಾನಾಚಾರ್ಯರ ಗುರುಪರಂಪರೆ. ಆಮೇಲೆ ಶಕವರ್ಷ, ಸಂವತ್ಸರ, ತಿಥಿ, ವಾರ, ಗ್ರಹಣ ಅಥವಾ ಸಂಕ್ರಮಣ. ಆಮೇಲೆ ಇಂತಿಷ್ಟು ಮತ್ತರು ಭೂಮಿ, ಅದರ ಎಲ್ಲೆಗಳು. ಕೊನೆಯಲ್ಲಿ ದಾನವನ್ನು ಪಾಲಿಸಿದವರಿಗೆ ಬರುವ ಪುಣ್ಯ, ಅಳಿದವರಿಗೆ ತಟ್ಟುವ ಪಾಪ, ಬರೆದವನ ಮತ್ತು ಕಂಡರಿಸಿದವನ ಹೆಸರು. ಕೇವಲ ಪಟ್ಟಿಯಾಗಿ ನೋಡಿದರೆ ಇದು ಬರಿಯ ರೂಢಿಯೆಂದು ತೋರೀತು. ಆದರೆ ಈ ಕ್ರಮದೊಳಗೆ ಒಂದು ಗಂಭೀರವಾದ ಚಿಂತನೆ ಹುದುಗಿದೆ. ಮೂರು ಲೋಕಗಳಿಗೆ ಮೂಲಸ್ತಂಭನಾದ ಶಿವನಿಂದ ಹೊರಟ ಮಾತು ಚಕ್ರವರ್ತಿಯ ಭೂಮಂಡಲಕ್ಕೆ, ಅಲ್ಲಿಂದ ನಾಡಿಗೆ, ಊರಿಗೆ, ಗುಡಿಗೆ, ಕಡೆಗೆ ಕೆರೆಯ ಕೆಳಗಣ ಒಂದು ಗದ್ದೆಗೆ ಹಂತಹಂತವಾಗಿ ಸಂಕೋಚಗೊಳ್ಳುತ್ತದೆ. ಆ ಗದ್ದೆಯ ಬದುವನ್ನು ಮುಟ್ಟಿದೊಡನೆ ಮತ್ತೆ ವಿಸ್ತಾರಗೊಂಡು, ಈ ಬಾರಿ ಕಾಲದ ದಿಕ್ಕಿನಲ್ಲಿ, ಚಂದ್ರಸೂರ್ಯರಿರುವವರೆಗೂ ಹಬ್ಬುತ್ತದೆ. ದೇಶದಲ್ಲಿ ಕಿರಿದಾಗುತ್ತ ಬಂದು ಕಾಲದಲ್ಲಿ ಹಿರಿದಾಗುತ್ತ ಹೋಗುವ ಈ ಗತಿಯನ್ನು ಕಂಡುಕೊಂಡವನಿಗೆ, ಕಲ್ಲಿನ ನೆತ್ತಿಯಲ್ಲಿ ಲಿಂಗ, ಕರುವಿಗೆ ಹಾಲೂಡುವ ಹಸು, ಸೂರ್ಯ, ಚಂದ್ರರನ್ನು ಕೆತ್ತಿದ್ದು ಏಕೆಂದು ಬೇರೆ ಹೇಳಬೇಕಾಗಿಲ್ಲ. ಅಕ್ಷರವರಿಯದವನಿಗೂ ಲಿಂಗವು ಬರಹದ ಆರಂಭವನ್ನೂ, ಹಸುವೂ ಸೂರ್ಯಚಂದ್ರರೂ ಅದರ ಮುಕ್ತಾಯವನ್ನೂ ಒಮ್ಮೆಗೇ ತಿಳಿಸುತ್ತವೆ.

ಈ ಅಂಗಗಳು ಒಂದಕ್ಕೊಂದು ಕೂಡುವ ಸಂಧಿಸ್ಥಾನಗಳನ್ನು ಶಾಸನಕವಿಗಳು ಎಂದೂ ಮರೆಮಾಚಲಿಲ್ಲ. ‘ತತ್ಪಾದಪದ್ಮೋಪಜೀವಿ’ ಎಂಬ ಪದ ಬಂದೊಡನೆ ಒಡೆಯನ ಪ್ರಶಸ್ತಿ ಮುಗಿದು ಅಧೀನನದು ಮೊದಲಾಯಿತೆಂದು ತಿಳಿಯಬೇಕು. ‘ಅದೆಂತೆಂದಡೆ’ ಎಂದರೆ ಹಿಂದೆ ಸೂತ್ರಪ್ರಾಯವಾಗಿ ಹೇಳಿದುದಕ್ಕೆ ಮುಂದೆ ವಿವರಣೆ ಬರಲಿದೆ. ‘ಮತ್ತಂ’ ಎಂದರೆ ಹಿಂದಿನದರ ಸಾಲಿಗೆ ಸೇರುವ ಮತ್ತೊಂದು. ‘ಇಂತು’ ಎಂದರೆ ಇದುವರೆಗಿನದರ ಸಂಗ್ರಹ. ಕಲ್ಲಿನ ಮೇಲೆ ಪರಿಚ್ಛೇದಗಳಿಲ್ಲ, ಶೀರ್ಷಿಕೆಗಳಿಲ್ಲ, ಸಾಲುಗಳು ಪದಗಳನ್ನು ಎಲ್ಲೆಂದರಲ್ಲಿ ಮುರಿದುಕೊಂಡು ಓಡುತ್ತವೆ. ಆದುದರಿಂದಲೇ ಈ ಪುಟ್ಟ ಪದಗಳ ಮೇಲೆ ಅಷ್ಟು ಭಾರ ಬಿದ್ದಿದೆ. ಹೊಸಬರಿಗೆ ನಾನು ಕೊಡುವ ಮೊದಲ ಸಲಹೆ, ಶಾಸನಪಾಠದ ಪ್ರತಿಯೊಂದನ್ನು ಕೈಗೆತ್ತಿಕೊಂಡು, ಅರ್ಥದ ಗೊಡವೆಗೆ ಹೋಗದೆ, ಇಂಥ ಪದಗಳ ಕೆಳಗೆ ಮಾತ್ರ ಗೆರೆ ಎಳೆಯಿರಿ ಎಂಬುದು. ಗೆರೆಗಳ ನಡುವಣ ಅಂತರಗಳೇ ಯಾವ ಭಾಗಕ್ಕೆ ಎಷ್ಟು ಸ್ಥಳ ಸಂದಿದೆಯೆಂಬುದನ್ನು ಹೇಳಿಬಿಡುತ್ತವೆ. ಹಾವೇರಿಯ ಸೀಮೆಯಲ್ಲಿ ಹೇರಳವಾಗಿರುವ ವೀರಗಲ್ಲುಗಳೂ ಇಂಥದೇ ಪಾಠ ಕಲಿಸುತ್ತವೆ: ಕೆಳಗಣ ಫಲಕದಲ್ಲಿ ಕಾಳಗ, ನಡುವಣದರಲ್ಲಿ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲಣದರಲ್ಲಿ ಶಿವಸಾನ್ನಿಧ್ಯ, ಕೆಳಗಿನಿಂದ ಮೇಲಕ್ಕೆ ಓದತಕ್ಕ ಆ ಕ್ರಮವೇ ಅವುಗಳ ವಾದ.

ಈಗ ಅಬಲೂರಿನ ಕಲ್ಲಿಗೆ ಬರೋಣ. ಇದರಲ್ಲಿಯೂ ಸ್ತುತಿಯುಂಟು, ಪ್ರಶಸ್ತಿಯುಂಟು, ದತ್ತಿಯುಂಟು. ಆದರೆ ರೂಢಿಯ ಚೌಕಟ್ಟಿನ ನಡುವೆ, ಬೇರೆ ಕಡೆಗಳಲ್ಲಿ ಆಚಾರ್ಯಪರಂಪರೆಯ ಕೆಲವು ಪದ್ಯಗಳಿಗೆ ಮೀಸಲಾದ ಸ್ಥಾನದಲ್ಲಿ, ಇಲ್ಲಿ ಒಬ್ಬ ಮನುಷ್ಯನ ಸಮಗ್ರ ಕಥೆಯೇ ಬಂದು ಕುಳಿತಿದೆ. ಕಥೆ ಆರಂಭವಾಗುವುದು ಕೈಲಾಸದಲ್ಲಿ. ಇತರ ಸಮಯಗಳು ಪ್ರಬಲವಾದುವೆಂದು ನಾರದನು ಬಿನ್ನವಿಸಲು, ಶಿವನು ವೀರಭದ್ರನಿಗೆ ಮಾನವಾಂಶದಿಂದ ಜನಿಸೆಂದು ಅಪ್ಪಣೆ ಮಾಡುತ್ತಾನೆ. ಆಳಂದೆಯಲ್ಲಿ ಪುರುಷೋತ್ತಮಭಟ್ಟನ ಮಗನಾಗಿ ರಾಮನು ಹುಟ್ಟುತ್ತಾನೆ, ಶಿವನಲ್ಲಿಟ್ಟ ಏಕಾಂತಭಕ್ತಿಯಿಂದ ಏಕಾಂತದ ರಾಮಯ್ಯನೆನಿಸುತ್ತಾನೆ, ಪುಲಿಗೆರೆಯ ಸೋಮನಾಥನ ಆದೇಶದಂತೆ ಅಬ್ಬಲೂರಿಗೆ ಬರುತ್ತಾನೆ. ಅಲ್ಲಿ ಸಂಕಗಾವುಂಡನೇ ಮೊದಲಾದ ಜೈನರೊಡನೆ ವಾದ ಹುಟ್ಟುತ್ತದೆ. ತಾನು ತಲೆಯನ್ನರಿದು ಶಿವನಿಗೊಪ್ಪಿಸಿ ಮರಳಿ ಪಡೆದರೆ ನೀವು ಏನನ್ನು ಪಣವಾಗಿಡುವಿರೆಂದು ಕೇಳಿ, ಅವರ ಉತ್ತರವನ್ನು ಓಲೆಯ ಮೇಲೆ ಬರೆಯಿಸಿಕೊಳ್ಳುತ್ತಾನೆ. ತಲೆ ಅರಿಯುವುದು, ಏಳು ದಿನಗಳ ಮೇಲೆ ಅದು ಕೂಡುವುದು, ಜಿನಬಿಂಬದ ಭಂಗ, ಬಿಜ್ಜಳನ ಬಳಿಗೆ ದೂರು, ರಾಮಯ್ಯನು ಅರಸನ ಮುಂದೆ ಓಲೆಯನ್ನು ತೋರಿ ಮತ್ತೊಮ್ಮೆ ಅದೇ ಪರೀಕ್ಷೆಗೆ ಸಿದ್ಧನೆನ್ನುವುದು, ಎದುರಾಳಿಗಳು ಹಿಂಜರಿಯುವುದು, ಅರಸನು ಜಯಪತ್ರವನ್ನು ಕೊಡುವುದು: ಇವು ಒಂದರಿಂದೊಂದು ಹುಟ್ಟಿಬರುತ್ತವೆ. ದೇವಾಲಯದ ಭಿತ್ತಿಶಿಲ್ಪಗಳಲ್ಲಿಯೂ ಇದೇ ಪ್ರಸಂಗವನ್ನು ಕಿರುಬರಹಗಳ ಸಮೇತ ಕಂಡರಿಸಿದ್ದಾರೆ.

ಇಷ್ಟನ್ನು ಪವಾಡಕಥೆಯೆಂದು ಓದಿ ಮುಂದೆ ಹೋಗುವವರು ವಿನ್ಯಾಸದ ಮರ್ಮವನ್ನು ಕೈಬಿಟ್ಟಂತೆ. ಈ ಕಥೆಯೊಳಗೆ ಬರಹಗಳೇ ಪಾತ್ರಗಳಾಗಿರುವುದನ್ನು ಗಮನಿಸಬೇಕು. ಮೊದಲು ಓಲೆ: ಅದು ಪ್ರತಿಪಕ್ಷದ ಒಪ್ಪಿಗೆ. ಅನಂತರ ಜಯಪತ್ರ: ಅದು ಅರಸನ ತೀರ್ಪು. ಕಡೆಯದಾಗಿ ಈ ಶಿಲೆ: ಅದು ಎರಡಕ್ಕೂ ಲೋಕದ ಮುಂದಣ ಸಾಕ್ಷಿ. ಒಂದಕ್ಕಿಂತ ಒಂದು ಹೆಚ್ಚು ಬಾಳುವ ವಸ್ತುವಿನ ಮೇಲೆ, ಒಂದಕ್ಕಿಂತ ಒಂದು ಹಿರಿದಾದ ಸಭೆಗಾಗಿ ಬರೆದ ಈ ಮೂರು ಬರಹಗಳು ಶಾಸನದ ಬೆನ್ನೆಲುಬಾಗಿವೆ. ತರುವಾಯ ದತ್ತಿಗಳ ಭಾಗ. ಬಿಜ್ಜಳನು ಗೋಗಾವೆ ಎಂಬ ಊರನ್ನು ಕೊಟ್ಟನು. ಚಾಲುಕ್ಯ ನಾಲ್ವಡಿ ಸೋಮೇಶ್ವರನು ಶಿವಭಕ್ತರ ಕಥಾಪ್ರಸಂಗದಲ್ಲಿ ರಾಮಯ್ಯನ ವೃತ್ತಾಂತವನ್ನು ಕೇಳಿ ಅವನನ್ನು ಬರಮಾಡಿಕೊಂಡು ಅಬ್ಬಲೂರನ್ನೇ ಕೊಟ್ಟನು. ಹಾನಗಲ್ಲ ಕದಂಬ ಕಾಮದೇವನು ಗುಡಿಯನ್ನು ನೋಡಿ, ಕಥೆಯನ್ನು ಕೇಳಿ, ಮುಂಡಗೋಡಿನ ಬಳಿಯ ಮಲ್ಲವಳ್ಳಿಯನ್ನು ಕೊಟ್ಟನು. ಬಿಜ್ಜಳನ ಆಳಿಕೆ 1167ರ ಸುಮಾರಿಗೆ ಮುಗಿದುದು, ನಾಲ್ವಡಿ ಸೋಮೇಶ್ವರನದು 1180ರ ದಶಕದ್ದು. ಅಷ್ಟು ವರ್ಷಗಳ ಅಂತರವನ್ನು ಶಾಸನಕವಿಯು ಒಂದೇ ಉಸಿರಿನಲ್ಲಿ ದಾಟುತ್ತಾನೆ, ಏಕೆಂದರೆ ಅವನಿಗೆ ಬೇಕಾದುದು ಕಾಲಗಣನೆಯಲ್ಲ. ಕಲಚುರಿ, ಚಾಲುಕ್ಯ, ಕದಂಬ ಎಂಬ ಮೂರು ವಂಶದವರು ಒಬ್ಬರಾದಮೇಲೊಬ್ಬರು ಒಂದೇ ಕಥೆಗೆ ತಲೆಬಾಗಿದರೆಂಬುದೇ ಅವನಿಗೆ ಬೇಕಾದ ಪ್ರಮಾಣ. ಉಳಿದ ಶಾಸನಗಳಲ್ಲಿ ದಾನಿಯ ಹಿರಿಮೆಯಿಂದ ದಾನಕ್ಕೆ ಹಿರಿಮೆ. ಇಲ್ಲಿ ದಾನ ಪಡೆದವನ ಕಥೆಯಿಂದ ದಾನಿಗಳಿಗೆ ಹಿರಿಮೆ. ರೂಢಿಯ ಚೌಕಟ್ಟನ್ನು ಬಲ್ಲ ಓದುಗನಿಗಲ್ಲದೆ ಈ ಪಲ್ಲಟ ಕಣ್ಣಿಗೆ ಬೀಳುವಂತಿಲ್ಲ.

ಬರಹದ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಪೂರ್ವಿಕರು ಆರು ಲಿಂಗಗಳನ್ನು ಹೇಳಿದ್ದಾರೆ: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ವೇದವಾಕ್ಯಗಳ ವಿಚಾರಕ್ಕಾಗಿ ಮೀಮಾಂಸಕರೂ ವೇದಾಂತಿಗಳೂ ಬಳಸಿದ ಈ ಸಾಧನವು ಅಬಲೂರಿನ ಶಿಲೆಗೂ ನಿರಾಯಾಸವಾಗಿ ಒಪ್ಪುತ್ತದೆ. ಮೊದಲೂ ಕಡೆಯೂ ಶಿವನಲ್ಲಿ ಕೂಡುವುದು ಉಪಕ್ರಮೋಪಸಂಹಾರಗಳ ಐಕ್ಯ. ಕಥೆ ಅರಸನಿಂದ ಅರಸನಿಗೆ ಮರಳಿ ಮರಳಿ ಮುಟ್ಟುವುದು ಅಭ್ಯಾಸ. ಅರಿದ ತಲೆ ಕೂಡಿದುದು ಬೇರೆ ಪ್ರಮಾಣಕ್ಕೆ ನಿಲುಕದ ಅಪೂರ್ವತೆ. ಜಯಪತ್ರವೂ ಊರುಗಳೂ ಫಲ. ಅರಸರ ಬಿರುದಾವಳಿ ಅರ್ಥವಾದ. ಬಿಜ್ಜಳನ ಸಭೆಯ ವಿಚಾರಣೆ ಉಪಪತ್ತಿ. ಆರೂ ಒಂದೇ ಕಡೆಗೆ ಬೆರಳು ತೋರುವಾಗ ಬರಹದ ಉದ್ದೇಶದಲ್ಲಿ ಸಂದೇಹವುಳಿಯದು. ಹಾಗೆಯೇ, ವಿನ್ಯಾಸವನ್ನು ಅರಿತವನು ಅದು ಯಾರಿಗೆ ಎಡೆ ಕೊಟ್ಟಿಲ್ಲವೆಂಬುದನ್ನೂ ಅರಿಯುತ್ತಾನೆ. ಜೈನರು ಇಲ್ಲಿ ಪೂರ್ವಪಕ್ಷವಾಗಿ ಮಾತ್ರ ಮಾತಾಡುತ್ತಾರೆ. ಪಣವೊಡ್ಡುವುದು, ಬೇಡುವುದು, ದೂರುವುದು, ಹಿಂಜರಿಯುವುದು, ಇಷ್ಟೇ ಅವರ ಪಾಲಿಗೆ ಬಂದುದು. ಒಂದು ಪಕ್ಷವು ತನ್ನ ಗುಡಿಯಲ್ಲಿ ನಿಲ್ಲಿಸಿಕೊಂಡ ಕಲ್ಲನ್ನು ಉಭಯಪಕ್ಷಗಳ ಚರಿತ್ರೆಯೆಂದು ಸ್ವೀಕರಿಸುವ ದೋಷಕ್ಕೆ ಇದಕ್ಕಿಂತ ಒಳ್ಳೆಯ ಪ್ರತೀಕಾರ ನನಗೆ ತಿಳಿಯದು: ಪ್ರತಿಯೊಬ್ಬರ ಮಾತು ಬರಹದ ಯಾವ ಅಂಗದಲ್ಲಿ ಬಂದಿದೆಯೆಂದು ಕೇಳುವುದು.

ಇದೇ ಕಥಾವಸ್ತು ಬೇರೆ ವಿನ್ಯಾಸಕ್ಕೆ ಸಿಕ್ಕಾಗ ಬೇರೆ ಅರ್ಥ ತಾಳುತ್ತದೆ. ಹರಿಹರನು ಏಕಾಂತ ರಾಮಿತಂದೆಯನ್ನು ಕುರಿತು ರಗಳೆ ರಚಿಸಿದನು. ಅಲ್ಲಿ ದತ್ತಿಯ ಲೆಕ್ಕಕ್ಕೆ ಪ್ರಾಧಾನ್ಯವಿಲ್ಲ, ಪದ್ಯದ ಕಟ್ಟೆಗಳಿಲ್ಲದೆ ಹರಿಯುವ ಆ ಛಂದಸ್ಸು ಭಕ್ತನ ಆವೇಶವನ್ನೇ ಹಿಂಬಾಲಿಸುತ್ತದೆ. ಭೀಮಕವಿಯ 1369ರ ಬಸವಪುರಾಣದ ಪರಂಪರೆಯಲ್ಲಿ ರಾಮಯ್ಯನು ಅನೇಕ ಶರಣರ ಮಾಲೆಯಲ್ಲಿ ಒಬ್ಬನು, ಬಸವಣ್ಣನ ಮಹಿಮೆಯ ವರ್ತುಲದೊಳಗೆ ಬರತಕ್ಕವನು. ಶಾಸನದಲ್ಲಾದರೋ ಬಸವಣ್ಣನ ಹೆಸರೇ ಬಾರದು. ಅಲ್ಲಿ ರಾಮಯ್ಯನೇ ಕೇಂದ್ರ, ಅವನ ಸುತ್ತ ಅರಸರು. ಕೇಂದ್ರ ಬದಲಾದಾಗ ಘಟನೆಗಳು ಅವೇ ಇದ್ದರೂ ಬರಹ ಬೇರೆಯಾಯಿತು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಸುಖ ಶಾಸನರಸಿಕನಿಗೆ ದೊರೆಯಬಹುದಾದ ಸುಖಗಳಲ್ಲಿ ಉತ್ತಮವಾದುದು.

ಅಬಲೂರು ಇನ್ನೊಂದು ಕಾರಣಕ್ಕೂ ನಾಡಿಗೆಲ್ಲ ಪರಿಚಿತ: ಐತಿಹ್ಯವು ಸರ್ವಜ್ಞನ ಜನನವನ್ನು ಈ ಊರಿಗೆ ಸೇರಿಸುತ್ತದೆ. ಮಾಸೂರಿನ ಬಸವರಸನೂ ಅಬಲೂರಿನ ಕುಂಬಾರಗಿತ್ತಿ ಮಾಳಿಯೂ ಅವನ ತಾಯಿತಂದೆಗಳೆಂದು ಹೇಳುತ್ತಾರೆ. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಅವನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ, ಬಾಯಿಂದ ಬಾಯಿಗೆ ಹರಿದಾಡುತ್ತಿದ್ದ ಆ ತ್ರಿಪದಿಗಳ ಕಟ್ಟನ್ನು ನಿಧಾನವಾಗಿ ಪರಿಶೀಲಿಸುವ ಅನುಕೂಲ ನಮಗೆ ಒದಗಿತು. ಶಾಸನವು ನೂರು ಸಾಲುಗಳಲ್ಲಿ ಮಾಡುವುದನ್ನು ತ್ರಿಪದಿ ಮೂರರಲ್ಲಿ ಮಾಡಬೇಕು. ಒಂದು ಬಗೆಯಲ್ಲಿ ಅವನು ಲೋಕದ ಮೂರು ನಾಲ್ಕು ವಸ್ತುಗಳನ್ನು ಮೊದಲ ಸಾಲುಗಳಲ್ಲಿ ಸಾಲಾಗಿ ನಿಲ್ಲಿಸಿ, ಅವುಗಳಿಗೆ ಸಮಾನವಾದ ಗುಣವನ್ನು ಕಡೆಯ ಸಾಲಿಗೆ ಕಾದಿರಿಸುತ್ತಾನೆ; ಮತ್ತೊಂದು ಬಗೆಯಲ್ಲಿ ನಿರ್ಣಯವನ್ನು ಮೊದಲೇ ನುಡಿದು ಉದಾಹರಣೆಯಿಂದ ಮುಗಿಸುತ್ತಾನೆ; ಒಗಟಿನ ವಚನಗಳಲ್ಲಿ ಲಕ್ಷಣಗಳನ್ನೆಲ್ಲ ಹೇಳಿ ವಸ್ತುವಿನ ಹೆಸರನ್ನು ಕೇಳುವವನಿಗೇ ಬಿಡುತ್ತಾನೆ. ಮೊದಲನೆಯದು ನಮ್ಮನ್ನು ಕಾಯಿಸುತ್ತದೆ, ಎರಡನೆಯದು ಒಪ್ಪಿಸುತ್ತದೆ, ಮೂರನೆಯದು ದುಡಿಸುತ್ತದೆ. ತ್ರಿಪದಿಯ ಅತಿ ಪ್ರಾಚೀನ ನಿದರ್ಶನವಾದರೂ ಬಾದಾಮಿಯ ಕಪ್ಪೆ ಅರಭಟ್ಟನ ಸುಮಾರು 700ರ ಶಾಸನದಲ್ಲಿಯೇ ಇರುವುದರಿಂದ, ಕಲ್ಲಿನ ಬರಹವನ್ನೂ ಬಾಯಿಯ ಬರಹವನ್ನೂ ಒಂದೇ ಅಭ್ಯಾಸದ ಎರಡು ಮುಖಗಳೆಂದು ಭಾವಿಸಿ ಓದುವುದು ಅಸಂಗತವಾಗಲಾರದು.

ಈ ಅಭ್ಯಾಸ ಹಳೆಯ ಕಲ್ಲುಗಳಿಗಷ್ಟೇ ಸಲ್ಲುವುದೆಂದು ಯಾರೂ ತಿಳಿಯಬಾರದು. ಇಂದಿನ ಖರೇದಿಪತ್ರವನ್ನು ತೆಗೆದು ನೋಡಿರಿ: ಕೊಡುವವರು, ಕೊಳ್ಳುವವರು, ಜಮೀನು ಕೊಡುವವರಿಗೆ ಬಂದ ಬಗೆ, ಕ್ರಯದ ಮೊತ್ತ, ಚಕ್ಕುಬಂದಿ, ಸಾಕ್ಷಿಗಳು, ಬರೆದವರು, ದಾನಶಾಸನದ ಅಂಗಗಳು ಹೆಸರು ಬದಲಿಸಿಕೊಂಡು ಇಲ್ಲಿ ಬಾಳುತ್ತಿವೆ. ನಮ್ಮ ಒಕ್ಕಲು ಹಿರಿಯರಲ್ಲಿ ಅನೇಕರು ಅಂಥ ಪತ್ರವನ್ನು ಓದಿಸಿ ಕೇಳುವಾಗ ಮೊದಲು ಚಕ್ಕುಬಂದಿಯನ್ನೇ ಓದಿರೆನ್ನುವುದುಂಟು. ಪತ್ರದ ಪ್ರಾಣ ಯಾವ ಅಂಗದಲ್ಲಿದೆಯೆಂಬುದು ಅವರಿಗೆ ಗೊತ್ತು, ಅದು ವಿದ್ವತ್ತಿನ ಮಾತೇ ಸರಿ. ವೃತ್ತಪತ್ರಿಕೆಯ ಸಂಪಾದಕೀಯವನ್ನೂ, ನ್ಯಾಯಾಲಯದ ತೀರ್ಪನ್ನೂ, ಚುನಾವಣೆಯ ಪ್ರಣಾಳಿಕೆಯನ್ನೂ ಇದೇ ದೃಷ್ಟಿಯಿಂದ ಓದುವ ಪ್ರಜೆಯನ್ನು ಯಾವ ಆಡಂಬರವಾಕ್ಯವೂ ಸುಲಭವಾಗಿ ಮರುಳುಮಾಡಲಾರದು.

ಆದುದರಿಂದ ನಮ್ಮ ತಾಲೂಕಿನ ಶಾಲೆಗಳ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ. ಮಕ್ಕಳನ್ನು ಅಬಲೂರಿಗೆ ಕರೆದೊಯ್ದಾಗ ಶಾಸನದ ಕಾಲವನ್ನೂ ಅರಸರ ಹೆಸರುಗಳನ್ನೂ ಕಂಠಪಾಠ ಮಾಡಿಸುವುದಕ್ಕೆ ಮುಂಚೆ, ಅದರ ಅಚ್ಚಾದ ಪಾಠವನ್ನು ಕೈಯಲ್ಲಿ ಕೊಟ್ಟು ಮೂರು ಪ್ರಶ್ನೆಗಳನ್ನು ಕೇಳಿರಿ: ಈ ಬರಹ ಎಲ್ಲಿ ಎಲ್ಲಿ ತಿರುಗುತ್ತದೆ? ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ? ಯಾರಿಗೆ ಮಾತಾಡಲು ಎಡೆ ಕೊಟ್ಟಿಲ್ಲ? ಉತ್ತರಗಳು ಮೊದಮೊದಲು ತಪ್ಪಾದರೂ ಚಿಂತೆಯಿಲ್ಲ. ಹೀಗೆ ಕೇಳುವುದನ್ನು ಬಾಲ್ಯದಲ್ಲಿ ಕಲಿತವರು ಮುಂದೆ ಯಾವ ಬರಹವನ್ನು ಕೈಗೆತ್ತಿಕೊಂಡರೂ ಅದರ ಶಬ್ದಗಳೊಡನೆ ಅದರ ಬುದ್ಧಿಯನ್ನೂ ಓದುವರು.