ಕ್ಯಾರೊಲಿನ್ ಕೀನ್ ಎಂಬ ಇಲ್ಲದ ಲೇಖಕಿ

ಎಂಟನೆಯ ತರಗತಿಯಲ್ಲಿದ್ದ ಮಗಳಿಗೆ ಮಂಗಳೂರಿನ ಹಳೆ ಪುಸ್ತಕದಂಗಡಿಯಿಂದ ‘ನ್ಯಾನ್ಸಿ ಡ್ರೂ’ ಪತ್ತೇದಾರಿ ಕಾದಂಬರಿಗಳನ್ನು ತಂದುಕೊಟ್ಟವನು ನಾನೇ. ಆರನೆಯದನ್ನು ಮುಗಿಸಿ ಅವಳು ಕೇಳಿದಳು: “ಅಪ್ಪಾ, ಈ ಕ್ಯಾರೊಲಿನ್ ಕೀನ್ ಎಷ್ಟು ಬರೆದಿದ್ದಾರೆ! ಅವರಿಗೆ ಬೇರೆ ಕೆಲಸ ಇಲ್ಲವಾ?”

ಅಂಥ ಹೆಂಗಸೇ ಇರಲಿಲ್ಲ. ಅಮೆರಿಕದ ಎಡ್ವರ್ಡ್ ಸ್ಟ್ರೇಟ್‌ಮೇಯರ್ ಎಂಬವರು ಕಥೆಯ ಹಂದರ ಹಾಕಿ ಕೊಡುತ್ತಿದ್ದರು. ಕೂಲಿ ಲೇಖಕರು ಅದನ್ನು ತುಂಬುತ್ತಿದ್ದರು. ಸಂಭಾವನೆ ಒಂದೇ ಗಂಟು, ರಾಯಧನವಿಲ್ಲ, ಹೆಸರೂ ಹಕ್ಕೂ ಸಂಸ್ಥೆಯವು. 1930ರಲ್ಲಿ ಮಾಲೆಯ ಮೊದಲ ಪುಸ್ತಕಗಳು ಬಂದಾಗ ಬೆಲೆ ಬರೀ 50 ಸೆಂಟ್. ದಿನವಿಡೀ ಬ್ಯಾಂಕಿನ ಲೆಡ್ಜರು ನೋಡುವ ನನಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಲಾಭವಿರುವುದು ಈ ಪುಸ್ತಕದಲ್ಲಲ್ಲ, ಮುಂದಿನದನ್ನು ಕೊಳ್ಳಲಿರುವ ಮಗುವಿನಲ್ಲಿ. ಆದ್ದರಿಂದಲೇ ಅಧ್ಯಾಯದ ಕೊನೆಗೊಂದು ಅಪಾಯ, ಪುಸ್ತಕದ ಕೊನೆಗೆ ಮುಂದಿನ ಸಾಹಸದ ಸುಳಿವು. ನ್ಯಾನ್ಸಿಗೆ ವಯಸ್ಸಾಗುವುದಿಲ್ಲ, ಯಾವ ಅನುಭವವೂ ಅವಳನ್ನು ಬದಲಿಸುವುದಿಲ್ಲ. ವಿಮರ್ಶಕರು ಇದನ್ನು ‘ಪಾತ್ರಪೋಷಣೆ ಸಾಲದು’ ಎನ್ನಬಹುದು. ನನಗೆ ಇದು ವ್ಯಾಪಾರದ ಕರಾರಿನಂತೆ ಕಾಣುತ್ತದೆ. ಹುಡುಗಿ ಬೆಳೆದರೆ ಮಾಲೆ ಮುಗಿಯುತ್ತದೆ!

ಆದರೂ ಕೂಲಿ ಬರಹವೆಂದು ತಳ್ಳಿಹಾಕಲು ಮನಸ್ಸು ಬಾರದು. ಮೊದಲ ಪುಸ್ತಕಗಳನ್ನು ತಲಾ 125 ಡಾಲರಿಗೆ ಬರೆದುಕೊಟ್ಟವರು ಮಿಲ್ಡ್ರೆಡ್ ವರ್ಟ್. ತಾನೇ ಕಾರು ಓಡಿಸಿಕೊಂಡು, ಯಾರ ಅಪ್ಪಣೆಗೂ ಕಾಯದೆ ಹೊರಡುವ ನ್ಯಾನ್ಸಿಯ ದಿಟ್ಟತನ ಆ ಕೈಯದು. ಆರ್ಥಿಕ ಕುಸಿತದ ದಿನಗಳಲ್ಲಿ ಮೊತ್ತವನ್ನು 75ಕ್ಕೆ ಇಳಿಸಿದಾಗ ಅವರು ಒಲ್ಲೆನೆಂದರು. ಮೂರು ಪುಸ್ತಕಗಳು ಬೇರೊಬ್ಬರ ಕೈಗೆ ಹೋದವು. ಅವರ ಹೆಸರು ಹೊರಬಿದ್ದದ್ದು 1980ರಲ್ಲಿ, ಪ್ರಕಾಶಕರ ವ್ಯಾಜ್ಯವೊಂದು ಕೋರ್ಟು ಹತ್ತಿದಾಗ.

1959ರಿಂದ ಹಳೆಯ ಪುಸ್ತಕಗಳನ್ನು ತಿದ್ದಿ ಬರೆಸಲಾಯಿತು. ಕರಿಯರನ್ನು ಹೀನಾಯವಾಗಿ ಚಿತ್ರಿಸಿದ ಭಾಗಗಳು ಹೋದವು, ಹೋಗಲೇಬೇಕಿತ್ತು. ಆದರೆ ಅದೇ ಕತ್ತರಿಗೆ 25 ಅಧ್ಯಾಯಗಳು 20 ಆದವು, ನ್ಯಾನ್ಸಿಯ ಬಾಯಿಯೂ ಮೆತ್ತಗಾಯಿತು. ನನಗೆ ಸಿಟ್ಟು ಬರುವುದು ಇಲ್ಲಿ. ಅನ್ಯಾಯದ ಮಾತಿಗೂ ಹುಡುಗಿಯ ಎದೆಗಾರಿಕೆಗೂ ಒಂದೇ ಅಳತೆಗೋಲೇ?

ಗಡಿನಾಡಿನ ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಹದಿಮೂರರ ಹುಡುಗಿ ಮಕ್ಕಳ ಕಥೆಯನ್ನು ಬಿಟ್ಟ ಮೇಲೆ ಕನ್ನಡದಲ್ಲಿ ಏನು ಕೊಡುವುದು? ಹುಡುಕಿ ಸಾಕಾಗಿ, ಕಪಾಟಿನಲ್ಲಿದ್ದ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. ಅದು ಹದಿಹರೆಯದವರಿಗೆಂದು ಹಣೆಪಟ್ಟಿ ಹಚ್ಚಿ ಮಾರಿದ ಪುಸ್ತಕವಲ್ಲ. ಕಾಡೆಲ್ಲ ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗುವುದೂ ಇಲ್ಲ.

ಎರಡು ದಿನಗಳಲ್ಲಿ ಓದಿ ಮುಗಿಸಿದಳು. “ಇದರ ಎರಡನೇ ಭಾಗ ಇಲ್ಲವಾ?” ಎಂದಳು. ಇಲ್ಲವೆಂದೆ. ಪುಸ್ತಕ ಮಡಚದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು.