ಯಾರಲ್ಲಿ?

ಈ ವಾರ ನಾನು ವಿಮರ್ಶೆಗೆ ಎತ್ತಿಕೊಂಡಿರುವ ಪಠ್ಯಕ್ಕೆ ಲೇಖಕರ ಹೆಸರಿಲ್ಲ, ಮುನ್ನುಡಿಯಿಲ್ಲ, ಬೆನ್ನುಡಿಯೂ ಇಲ್ಲ. ಅದು ಅಂಗೈಯಗಲದ ಒಂದು ಚೀಟಿ. ಮಾತು ಕೇಳಿ ಕೆಲಸ ಮಾಡುವ ಸ್ಪೀಕರ್ ಡಬ್ಬಿಯ ಜೊತೆ ಬಂದದ್ದು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಚಿಕ್ಕಬಾಣಾವರದ ನಮ್ಮ ಮನೆಯಲ್ಲಿ ಟಿವಿ, ಹಾಲ್‌ನ ಎರಡು ಬಲ್ಬು ಮತ್ತು ಒಂದು ಫ್ಯಾನು ಈಗ ಈ ಡಬ್ಬಿಯ ಸುಪರ್ದಿಯಲ್ಲಿವೆ.

ಚೀಟಿಯಲ್ಲಿ ಹನ್ನೊಂದು ವಾಕ್ಯಗಳಿವೆ. ಹಾಡು ಹಾಕು, ದೀಪ ಹೊತ್ತಿಸು, ಸದ್ದು ತಗ್ಗಿಸು, ಆರು ಗಂಟೆಗೆ ಎಬ್ಬಿಸು, ಇವತ್ತು ಮಳೆ ಬರುತ್ತದೋ ಹೇಳು. ಒಂದು ಬದಿಯಲ್ಲಿ ಇಂಗ್ಲಿಷ್, ಇನ್ನೊಂದು ಬದಿಯಲ್ಲಿ ಹಿಂದಿ. ಇಲ್ಲಿ ಕೊಟ್ಟಿರುವ ಕನ್ನಡ ನನ್ನದು. ಹನ್ನೊಂದೂ ವಾಕ್ಯಗಳು ಒಂದೇ ಅಚ್ಚಿನಲ್ಲಿ ಎರಕಗೊಂಡಿವೆ: ಮೊದಲು ಡಬ್ಬಿಯ ಹೆಸರು, ಆಮೇಲೆ ಆಜ್ಞೆ. ಯಾರು ಯಾರಿಗೆ ಹೇಳುತ್ತಿದ್ದಾರೆ, ಅವರಿಬ್ಬರ ಸಂಬಂಧವೇನು ಎಂಬುದರ ಸುಳಿವೇ ಇಲ್ಲ. ಮನೆಯೊಳಗಿನ ಮಾತು ಎಂದರೆ ಇಷ್ಟೇ ಎಂದು ನಂಬಿರುವ ಪಠ್ಯ ಇದು.

ಓದುತ್ತಿದ್ದಂತೆ ನನಗೆ ನೆನಪಾದದ್ದು ಕಂಪನಿ ನಾಟಕ. ರಾಜ ಸಿಂಹಾಸನದಲ್ಲಿ ಕೂತು ಚಪ್ಪಾಳೆ ತಟ್ಟಿ "ಯಾರಲ್ಲಿ?" ಎನ್ನುತ್ತಾನೆ. ಪರದೆಯ ಸಂದಿಯಿಂದ ಒಬ್ಬ ಬಂದು ತಲೆಬಾಗುತ್ತಾನೆ, ಅಪ್ಪಣೆ ಪಡೆದು ಹೋಗುತ್ತಾನೆ. ಗುಬ್ಬಿ ವೀರಣ್ಣನವರ ಕಾಲದ ರಂಗದಿಂದ ಪೌರಾಣಿಕ ಸಿನಿಮಾಗಳವರೆಗೆ ನಾವು ಹೀಗೆ ಬಂದು ಹೋದ ಎಷ್ಟು ಜನರನ್ನು ನೋಡಿದ್ದೇವೋ! ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತೆ? ಆ ಸೇವಕನಿಗೆ ಮೈಯಿತ್ತು, ಹೆಸರಿರಲಿಲ್ಲ. ಈ ಡಬ್ಬಿಯದು ಉಲ್ಟಾ, ಇದಕ್ಕೆ ಹೆಸರಿದೆ, ಮೈಯಿಲ್ಲ. ಈ ಹೆಸರನ್ನು ತಂತ್ರಜ್ಞರು 'ವೇಕ್ ವರ್ಡ್' ಎನ್ನುತ್ತಾರೆ, ಎಂದರೆ ಎಬ್ಬಿಸುವ ಮಾತು. ಡಬ್ಬಿ ಆ ಒಂದು ಪದಕ್ಕಾಗಿ ಸದಾ ಕಿವಿ ನೆಟ್ಟಿರುತ್ತದೆ. ಅದು ಕಿವಿಗೆ ಬಿದ್ದೊಡನೆ ಮುಂದಿನ ಮಾತನ್ನು ದೂರದ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿ ಸದ್ದು ಅಕ್ಷರವಾಗುತ್ತದೆ, ಅಕ್ಷರದಿಂದ 'ಏನು ಮಾಡಬೇಕು, ಯಾವುದಕ್ಕೆ' ಎಂಬಷ್ಟನ್ನು ಹೆಕ್ಕಲಾಗುತ್ತದೆ, ಉಳಿದದ್ದು ಹೊಟ್ಟು. ಇಂಥ ಸಹಾಯಕರಿಗೆ ಹೆಣ್ಣುದನಿಯನ್ನೇ ಮೊದಲಿಗೆ ಕೊಟ್ಟು ಮಾರುವುದು ಹೆಣ್ಣೆಂದರೆ ಹೇಳಿದ ಕೆಲಸ ಮಾಡುವವಳು ಎಂಬ ಭಾವನೆಯನ್ನು ಗಟ್ಟಿ ಮಾಡುತ್ತದೆ ಎಂದು 2019ರಲ್ಲಿ ಯುನೆಸ್ಕೋ ವರದಿಯೊಂದು ಆಕ್ಷೇಪಿಸಿತ್ತು. ಸರಿಯಾದ ಆಕ್ಷೇಪವೇ. ನನ್ನ ತಕರಾರು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು, ಆ 'ಹೊಟ್ಟಿ'ನ ಬಗ್ಗೆ.

ಹೈಸ್ಕೂಲಿನ ವ್ಯಾಕರಣ ನೆನಪಿಸಿಕೊಳ್ಳಿ. ವಿಧ್ಯರ್ಥಕ ಕ್ರಿಯಾಪದವನ್ನು ವಿವರಿಸುವಾಗ ಮೇಷ್ಟ್ರು ಆಜ್ಞೆಯೊಂದನ್ನೇ ಹೇಳಿಕೊಡಲಿಲ್ಲ. ಆಶೀರ್ವಾದ, ಅಪ್ಪಣೆ, ಆಜ್ಞೆ, ಹಾರೈಕೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಸಿದ್ದರು. 'ದೇವರು ಒಳ್ಳೆಯದು ಮಾಡಲಿ' ಎಂಬುದೂ 'ಬಾಗಿಲು ಹಾಕು' ಎಂಬುದೂ ಒಂದೇ ಮನೆಯ ರೂಪಗಳು. ಆಡುಮಾತಿಗೆ ಬಂದರೆ ಈ ಮನೆ ಇನ್ನೂ ದೊಡ್ಡದು. ಹಾಕು, ಹಾಕಿ, ಹಾಕ್ರಿ, ಹಾಕೋ, ಹಾಕೇ, ಹಾಕಪ್ಪ, ಹಾಕಮ್ಮ, ಹಾಕ್ತೀಯಾ, ಹಾಕ್ಬಾರ್ದಾ, ಹಾಕಿದ್ರೆ ಆಗಿತ್ತು. ಫ್ಯಾನು ತಿರುಗುವುದು ಅಷ್ಟೂ ಮಾತಿಗೆ ಒಂದೇ ರೀತಿ. ಆದರೆ ಹೇಳಿದವರು ಯಾರು, ಹೇಳಿಸಿಕೊಂಡವರು ಯಾರು, ಅವರ ನಡುವೆ ಇವತ್ತು ಬೆಳಿಗ್ಗೆ ಜಗಳವಾಗಿದೆಯೋ ಇಲ್ಲವೋ ಎಂಬುದು ಕ್ರಿಯಾಪದದ ಬಾಲದಲ್ಲಿದೆ. ಯಂತ್ರಕ್ಕೆ ಹೊಟ್ಟಾಗಿ ಕಾಣುವುದು ಆ ಬಾಲ.

ಅದಕ್ಕಿಂತ ಹೆಚ್ಚಾಗಿ, ನಮ್ಮ ಮನೆಗಳಲ್ಲಿ ಕೆಲಸವಾಗುವುದು ಬಹುಪಾಲು ಆಜ್ಞೆಯಿಂದಲ್ಲ. "ಯಾಕೋ ಸೆಕೆ" ಎಂದು ಒಬ್ಬರು ಗೋಡೆಗೆ ಹೇಳುತ್ತಾರೆ, ಇನ್ನೊಬ್ಬರು ಎದ್ದು ಸ್ವಿಚ್ಚು ಒತ್ತುತ್ತಾರೆ. "ಆ ಟಿವಿ ಯಾರು ನೋಡ್ತಿದಾರೋ" ಎಂದರೆ ಟಿವಿ ನಿಲ್ಲಿಸು ಎಂದರ್ಥ. 'ಆರಿಸು' ಎಂಬ ಪದ ನೋಡಿ. ದೀಪವನ್ನು ಆರಿಸಿದರೆ ಕತ್ತಲು, ಹಾಡನ್ನು ಆರಿಸಿದರೆ ಹಾಡು. ಇನ್ನು ಸಂಜೆ ಹಚ್ಚಿದ ದೀಪಕ್ಕೆ ಆ ಪದವನ್ನೇ ಆಡದ ಮನೆಗಳಿವೆ, ಅಲ್ಲಿ ದೀಪವನ್ನು 'ಶಾಂತ ಮಾಡು'ತ್ತಾರೆ. ನಾಳೆ ಯಾವುದೋ ಎಂಜಿನಿಯರು ಕನ್ನಡಕ್ಕೆ ಚೀಟಿ ಬರೆಯುವಾಗ ನಿಘಂಟು ತೆರೆದು 'ದೀಪ ನಂದಿಸು' ಎಂದು ಬರೆದಾನು. ಅದು ತಪ್ಪಲ್ಲ, ಆದರೆ ಯಾರೂ ತಮ್ಮ ಹಾಲ್‌ನಲ್ಲಿ ನಿಂತು ಹಾಗೆ ಹೇಳುವುದಿಲ್ಲ.

ಬರೆಯುವ ದಿನ ಬಂದರೆ ತಾನೆ, ಎನ್ನುವಿರಿ. ಅಮೆಜಾನಿನ ಅಲೆಕ್ಸಾ 2017ರಲ್ಲಿ ಭಾರತಕ್ಕೆ ಬಂದಾಗ ಇಂಗ್ಲಿಷ್ ಮಾತ್ರ ಆಡುತ್ತಿತ್ತು, 2019ರಲ್ಲಿ ಹಿಂದಿ ಕಲಿಯಿತು. ಫೋನಿನ ಸಂಗತಿ ಸ್ವಲ್ಪ ಬೇರೆ. 2024ರಲ್ಲಿ ಗೂಗಲ್ ತನ್ನ ಜೆಮಿನಿ ಆ್ಯಪನ್ನು ಇಲ್ಲಿ ಬಿಟ್ಟಾಗ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಇತ್ತು. ಅಂದರೆ ತಂತ್ರಜ್ಞಾನಕ್ಕೆ ಕನ್ನಡ ಬಾರದೆಂದಲ್ಲ. ಅಂಗೈಯ ಫೋನಿಗೆ ಬರುತ್ತದೆ, ನಮ್ಮ ಹಾಲ್‌ನ ಡಬ್ಬಿಯ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇಲ್ಲಿ ನಮ್ಮೂರಿನ ಒಂದು ದನಿಯ ಬಗ್ಗೆ ಹೇಳಬೇಕು. ಚಿಕ್ಕಬಾಣಾವರ ರೈಲು ನಿಲ್ದಾಣದಲ್ಲಿ ತುಮಕೂರು ಕಡೆಯ ಗಾಡಿ ಕಾಯುತ್ತಾ ನಿಂತರೆ ಮೈಯಿಲ್ಲದ ದನಿ ಕನ್ನಡದಲ್ಲೂ ಘೋಷಣೆ ಮಾಡುತ್ತದೆ. ಬ್ಯಾಂಕಿಗೆ ಫೋನು ಮಾಡಿದರೆ 'ಕನ್ನಡಕ್ಕಾಗಿ ಇಂತಿಷ್ಟು ಒತ್ತಿ' ಎನ್ನುವ ದನಿ ಇದೆ. ನಮಗೆ ಕನ್ನಡದಲ್ಲಿ ಹೇಳುವ ಯಂತ್ರಗಳಿಗೆ ಬರವಿಲ್ಲ, ಕನ್ನಡದಲ್ಲಿ ಕೇಳಿಸಿಕೊಳ್ಳುವವು ಕಡಿಮೆ. ಹೇಳುವುದು ಸುಲಭ. ಒಬ್ಬರು ಸ್ಟುಡಿಯೋದಲ್ಲಿ ಕೂತು ಒಮ್ಮೆ ಓದಿದರೆ ವರ್ಷಗಟ್ಟಲೆ ನಡೆಯುತ್ತದೆ. ಕೇಳಿಸಿಕೊಳ್ಳಬೇಕಾದರೆ ಸಾವಿರಾರು ಜನರ ಉಚ್ಚಾರ, ಕೆಮ್ಮು, ತೊದಲು, ಅರ್ಧಕ್ಕೆ ಬಿಟ್ಟ ವಾಕ್ಯ ಎಲ್ಲ ಗೊತ್ತಿರಬೇಕು. ಕನ್ನಡದ 'ಕೇಳು' ಎಂಬ ಧಾತುವಿಗೆ ಆಲಿಸು ಎಂಬ ಅರ್ಥವೂ ಇದೆ, ಪ್ರಶ್ನಿಸು, ಬೇಡು ಎಂಬ ಅರ್ಥಗಳೂ ಇವೆ. ಡಬ್ಬಿ ಕೇಳದಿದ್ದರೆ ನಾವೂ ಕೇಳುವಂತಿಲ್ಲ.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ. ಮುಂದೆ ಅದು ಇಡೀ ದೇಶದ ರೇಡಿಯೋದ ಹೆಸರಾಯಿತು. ಹೇಳುವುದಷ್ಟೇ ಗೊತ್ತಿದ್ದ ಆ ರೇಡಿಯೋ ಕೂಡ ಕಾಲಾಂತರದಲ್ಲಿ ಕೇಳಿಸಿಕೊಳ್ಳುವ ದಾರಿಯೊಂದನ್ನು ಕಂಡುಕೊಂಡಿತು, ಅಂಚೆ ಕಾರ್ಡು. ಮನೆಮಂದಿಯ ಹೆಸರನ್ನೆಲ್ಲ ತುಂಬಿ, ಕೊನೆಗೆ ಊರಿನ ಹೆಸರು ಬರೆದು ಕಳಿಸುತ್ತಿದ್ದ ಕಾರ್ಡು. ಹಾಡು ಬರಲು ವಾರಗಳೇ ಹಿಡಿಯಬಹುದಿತ್ತು, ಬಾರದೆಯೂ ಇರಬಹುದಿತ್ತು. ಆದರೂ ಅದರ ಹೆಸರು ಕೋರಿಕೆ. ಕಾರ್ಡು ಬರೆಯುವವರು ತಮ್ಮ ಕೇರಿಯ ಕನ್ನಡದಲ್ಲೇ ಬರೆದರೂ ನಡೆಯುತ್ತಿತ್ತು. ಅಲ್ಲಿ ಓದಲು ಒಬ್ಬ ಮನುಷ್ಯರಿದ್ದರು.

ನಮ್ಮಮ್ಮ ತಿಪಟೂರು ಕಡೆಯವರು, ಎಪ್ಪತ್ತು ದಾಟಿದ್ದಾರೆ. ಮಂಡಿ ನೋವು, ರಿಮೋಟಿನ ಅಕ್ಷರ ಕಾಣುವುದಿಲ್ಲ. ಎದ್ದು ಸ್ವಿಚ್ಚು ಹಾಕುವ ಸೋಮಾರಿತನಕ್ಕೆ ನನಗೆ ಈ ಡಬ್ಬಿ ಬೇಕಿರಬಹುದು, ನಿಜಕ್ಕೂ ಬೇಕಿರುವುದು ಅವರಿಗೆ. ಮಾತಾಡಿದರೆ ಸಾಕು ದೀಪ ಹೊತ್ತುತ್ತದೆ ಎಂಬ ಸೌಲಭ್ಯ ಯಾರಿಗಾಗಿ ಹುಟ್ಟಬೇಕಿತ್ತೋ ಅವರ ಭಾಷೆಯೊಂದನ್ನು ಬಿಟ್ಟು ಹುಟ್ಟಿದೆ. ಅಲಿಬಾಬಾನ ಕಥೆಯಲ್ಲಿ ಅಣ್ಣ ಕಾಸಿಮ ಗುಹೆಯೊಳಗೆ ಹೊನ್ನಿನ ರಾಶಿಯ ನಡುವೆ ನಿಂತು ಎಳ್ಳಿನ ಹೆಸರು ಮರೆತು, ಬೇರೆ ಬೇರೆ ಕಾಳುಗಳ ಹೆಸರು ಹೇಳಿ ಬಾಗಿಲು ತೆಗೆಯಲಾರದೆ ಸತ್ತ. ಅಮ್ಮ ಅಷ್ಟು ದುರಾಸೆಯವರಲ್ಲ. ಅವರಿಗೆ ಬೇಕಿರುವುದು ಸಂಜೆ ಆರಕ್ಕೆ ಒಂದು ಬಲ್ಬು, 'ಬಂಗಾರದ ಮನುಷ್ಯ'ದ ಹಾಡು.

ಆರನೇ ಕ್ಲಾಸಿನ ನನ್ನ ಮಗಳು ಈಗ ಮನೆಯ ದುಭಾಷಿ. "ಪುಟ್ಟೀ, ಅದಕ್ಕೆ ಸ್ವಲ್ಪ ಹೇಳೇ, ಆ ಹಾಡು ಹಾಕು ಅಂತ" ಎಂದು ಅಮ್ಮ ಮೊಮ್ಮಗಳಿಗೆ ಕೋರುತ್ತಾರೆ. ಮಗಳು ಅದನ್ನು ಇಂಗ್ಲಿಷಿನ ಮೂರು ಪದದ ಆಜ್ಞೆಯಾಗಿ ಡಬ್ಬಿಗೆ ಒಗೆಯುತ್ತಾಳೆ. ಸಿನಿಮಾದ ಹೆಸರನ್ನು ಇಂಗ್ಲಿಷಿನವರು ಓದಬಹುದಾದ ಹಾಗೆ ತಿರುಚಿ ಹೇಳಿದರೆ ಬೇಗ ಸಿಗುತ್ತದೆ ಎಂಬುದನ್ನೂ ಕಂಡುಕೊಂಡಿದ್ದಾಳೆ. ನನಗೆ ಕಸಿವಿಸಿಯಾಗುವುದು ಇಲ್ಲಿ. ಅಜ್ಜಿಯ ಮಾತು ಮೊಮ್ಮಗಳ ಬಾಯಲ್ಲಿ ತಿರುಗಿ ಬರುವಾಗ 'ಸ್ವಲ್ಪ' ಇರುವುದಿಲ್ಲ, 'ಅಂತ' ಇರುವುದಿಲ್ಲ, 'ಹೇಳೇ' ಎಂಬುದರ ಮುದ್ದೂ ಇರುವುದಿಲ್ಲ. ಹಾಡು ಮಾತ್ರ ಬರುತ್ತದೆ.

ಇದರಲ್ಲಿ ಒಂದು ಲಾಭವಿದೆ ಎಂದು ಗೆಳೆಯರು ತಮಾಷೆ ಮಾಡುತ್ತಾರೆ. ಕನ್ನಡ ಅರ್ಥವಾಗದ ಡಬ್ಬಿಯ ಎದುರು ಅತ್ತೆ ಸೊಸೆ ಏನು ಬೇಕಾದರೂ ಮಾತಾಡಬಹುದು! ತಮಾಷೆಗೆ ಸರಿ. ಕದ್ದು ಕೇಳುವ ಭಯಕ್ಕೆ ಕಿವುಡುತನ ಮದ್ದಲ್ಲವಲ್ಲ.

ನಮ್ಮಲ್ಲಿಂದ ಹೊರಟು ಯಶವಂತಪುರ ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಗೂಗಲ್ ನೆರವಿನೊಂದಿಗೆ ಅಲ್ಲಿ ನಡೆಯುತ್ತಿರುವ 'ವಾಣಿ' ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳಿಂದ ಮಾತು ಸಂಗ್ರಹಿಸುತ್ತದೆ. ನನಗೆ ಅದರ ವಿಧಾನ ಇಷ್ಟವಾಯಿತು. ಜನರಿಗೆ ಒಂದು ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಚೀಟಿ ಕೊಟ್ಟು ಓದಿಸುವುದಿಲ್ಲ. ಕೆರೆಯ ಚಿತ್ರ ಕಂಡು ಬೀದರಿನವರೂ ಚಾಮರಾಜನಗರದವರೂ ಏನೇನು ಹೇಳಿಯಾರು, ಎಲ್ಲಿ ರಾಗ ಎಳೆದಾರು ಎಂದು ಯೋಚಿಸಿದರೆ ಅದು ಯಂತ್ರಕ್ಕೆ ಮಾತ್ರವಲ್ಲ, ಕಥೆಗಾರರಿಗೂ ಪಾಠವಾದೀತು ಅನಿಸುತ್ತದೆ.

ಆದರೆ ಆ ಕಿವಿ ಹಾಲ್‌ನ ಡಬ್ಬಿಗೆ ಬಂದ ದಿನ ಬೇರೆ ಪ್ರಶ್ನೆಗಳು ಏಳುತ್ತವೆ. ಡಬ್ಬಿ ಅಮ್ಮನನ್ನು ನೀವು ಎನ್ನಬೇಕೋ ನೀನು ಎನ್ನಬೇಕೋ? ಮಗಳಿಗೆ ಬಹುವಚನ ಹಾಕಿದರೆ ಅವಳು ಬಿದ್ದು ಬಿದ್ದು ನಕ್ಕಾಳು. "ಯಾಕೋ ಸೆಕೆ" ಎಂದರೆ ಅದು ಫ್ಯಾನು ಹಾಕಬೇಕೋ, ಸುಮ್ಮನಿರಬೇಕೋ? ಈ ಪ್ರಶ್ನೆಯನ್ನು ಅಮ್ಮನ ಮುಂದಿಟ್ಟೆ. ಏನೆಂದು ಕರೆದರೆ ಸರಿ?

"ಏನಾದ್ರೂ ಅನ್ಲಿ ಬಿಡೋ. ನಾನು ಮಾತಾಡುವಾಗ ಮಧ್ಯದಲ್ಲಿ 'ಹ್ಞೂಂ' ಅಂತದಾ ಅದು?"

ಕಥೆ ಹೇಳುವಾಗ ಎದುರು ಕೂತವರು ಹೂಂಗುಡದಿದ್ದರೆ ಅಮ್ಮ ಕಥೆ ನಿಲ್ಲಿಸಿಬಿಡುತ್ತಿದ್ದರು. ಇಲ್ಲ, ಅದು ಹಾಗೆಲ್ಲ ಅನ್ನುವುದಿಲ್ಲ ಎಂದೆ. ಅವರು ಆಯಿತು ಎಂಬಂತೆ ತಲೆಯಾಡಿಸಿ, ಫ್ಯಾನು ಹಾಕಿಸಲು ಪುಟ್ಟಿಯನ್ನು ಕೂಗಿದರು.