ಮತ ಹಾಕಿದ ಮರುದಿನ

ಮಳೆಗಾಲ ಶುರುವಾಗಿ ದಾಖಲಾತಿ ಗಲಾಟೆ ಮುಗಿಯುತ್ತಿದ್ದಂತೆ ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ಬರುತ್ತದೆ. ಅಧಿಸೂಚನೆ ಹೊರಡುತ್ತದೆ. ನಾಮಪತ್ರ ಸಲ್ಲಿಕೆ, ಪರಿಶೀಲನೆ, ವಾಪಸ್ ಪಡೆಯಲು ಒಂದು ದಿನ ಎಲ್ಲವೂ ಇರುತ್ತವೆ. ಪೆನ್ಸಿಲ್, ಕೊಡೆ, ಚೆಂಡು, ಗಡಿಯಾರ ಚಿಹ್ನೆಗಳಾಗುತ್ತವೆ. ಸಮಾಜ ವಿಜ್ಞಾನದ ಮೇಷ್ಟ್ರೇ ಚುನಾವಣಾಧಿಕಾರಿ. ಮೊಬೈಲನ್ನೇ ಮತಯಂತ್ರ ಮಾಡಿಕೊಳ್ಳುವ ಆ್ಯಪ್‌ಗಳು ಬಂದ ಮೇಲೆ ಗುಂಡಿ ಒತ್ತಿದರೆ ಬೀಪ್ ಸದ್ದೂ ಕೇಳಿಸುತ್ತದೆ. ಎಂಟನೇ ತರಗತಿಗೆ ಆಗಷ್ಟೇ ಸೇರಿದ ಮಕ್ಕಳು ಬೆರಳಿಗೆ ಶಾಯಿ ಹಾಕಿಸಿಕೊಂಡು ಹೊರಬರುವಾಗ ಅವರ ಮುಖದಲ್ಲಿರುವ ಗಾಂಭೀರ್ಯ ನಿಜವಾದದ್ದು. ಯಾರಿಗೆ ಹಾಕಿದೆ ಎಂದು ಗೆಳೆಯ ಕೇಳಿದರೆ ‘ಹೇಳಬಾರದು’ ಅನ್ನುತ್ತಾರೆ. ಗುಪ್ತ ಮತದಾನ ಎಂದರೇನು ಎಂದು ಪಠ್ಯಪುಸ್ತಕದ ಪಾಠ ಇಷ್ಟು ಚೆನ್ನಾಗಿ ಕಲಿಸಲಾರದು.

ಚುನಾವಣೆಯ ಮಟ್ಟಿಗೆ ಈ ಚಟುವಟಿಕೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ನನ್ನ ತಕರಾರು ಇರುವುದು ಅದರ ಮರುದಿನದ ಬಗ್ಗೆ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಪ್ರಮಾಣವಚನ ಆಗುತ್ತದೆ, ಎದೆಗೆ ಬ್ಯಾಡ್ಜ್ ಬರುತ್ತದೆ, ಫೋಟೋ ಇಲಾಖೆಯ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಆಮೇಲೆ? ಪ್ರಧಾನಮಂತ್ರಿ ಪ್ರಾರ್ಥನೆಗೆ ಸಾಲು ನಿಲ್ಲಿಸುತ್ತಾನೆ. ಶಿಸ್ತು ಮಂತ್ರಿ ಮೇಷ್ಟ್ರಿಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯುತ್ತಾನೆ. ಆಹಾರ ಮಂತ್ರಿ ಬಿಸಿಯೂಟದ ತಟ್ಟೆಗಳ ಸಾಲು ನೋಡಿಕೊಳ್ಳುತ್ತಾಳೆ. ಸ್ವಚ್ಛತಾ ಮಂತ್ರಿಯ ಕೈಯಲ್ಲಿ ಪೊರಕೆ. ಇವು ಕೀಳು ಕೆಲಸಗಳಲ್ಲ, ಶಾಲೆ ನಡೆಯಬೇಕಾದರೆ ಯಾರಾದರೂ ಮಾಡಲೇಬೇಕು. ಆದರೆ ಇವನ್ನೆಲ್ಲ ಹಿಂದೆ ಕ್ಲಾಸ್ ಲೀಡರ್ ಮಾಡುತ್ತಿದ್ದ, ಅದಕ್ಕೆ ಯಾರೂ ಮತ ಹಾಕಬೇಕಾಗಿರಲಿಲ್ಲ. ಬೇರೆಯವರು ತೀರ್ಮಾನಿಸಿದ್ದನ್ನು ಜಾರಿ ಮಾಡುವುದಷ್ಟೇ ಮಂತ್ರಿಯ ಕೆಲಸವಾದರೆ, ಚುನಾವಣೆಯಲ್ಲಿ ಮಕ್ಕಳು ಆರಿಸಿದ್ದು ತಮ್ಮ ಪ್ರತಿನಿಧಿಯನ್ನಲ್ಲ, ಮುಖ್ಯೋಪಾಧ್ಯಾಯರ ಸಹಾಯಕನನ್ನು.

ಸಂಸತ್ತಿನ ರಚನೆಯಲ್ಲೇ ಒಂದು ಎಡವಟ್ಟಿದೆ. ಸಾಮಾನ್ಯವಾಗಿ ಹೆಚ್ಚು ಮತ ಪಡೆದ ವಿದ್ಯಾರ್ಥಿ ಪ್ರಧಾನಮಂತ್ರಿ, ನಂತರದ ಸ್ಥಾನದವರು ಉಪಪ್ರಧಾನಿ, ಗೃಹ, ಶಿಕ್ಷಣ, ಕ್ರೀಡೆ ಹೀಗೆ ಮಂತ್ರಿಗಳು. ಖಾತೆ ಹಂಚುವುದು ಶಿಕ್ಷಕರು. ವಿರೋಧ ಪಕ್ಷದ ನಾಯಕನನ್ನೂ ಶಿಕ್ಷಕರೇ ಹೆಸರಿಸುತ್ತಾರೆ. ಪ್ರಧಾನಮಂತ್ರಿ ಮತ್ತು ಮಂತ್ರಿಮಂಡಲ ಲೋಕಸಭೆಗೆ ಉತ್ತರದಾಯಿ ಎನ್ನುವುದು ನಮ್ಮ ಸಂವಿಧಾನದ ಸಂಸದೀಯ ಪದ್ಧತಿಯ ಜೀವ. ಅದೇ ಇಲ್ಲಿ ಕಾಣುವುದಿಲ್ಲ. ಶಾಲೆಯ ಪ್ರಧಾನಮಂತ್ರಿ ತನಗೆ ಮತ ಹಾಕಿದವರಿಗೆ ಉತ್ತರ ಕೊಡುವ ಪ್ರಸಂಗವೇ ಬರುವುದಿಲ್ಲ, ಅವನ ಲೆಕ್ಕವೆಲ್ಲ ಮೇಲಿನವರಿಗೆ. ಇನ್ನು ಖಾತೆ ಹಂಚಿಕೆಯಲ್ಲಿ ಶಿಸ್ತು, ಕ್ರೀಡೆ ಹುಡುಗರಿಗೆ, ಊಟ, ಕಸ ಹುಡುಗಿಯರಿಗೆ ಹೋಗುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಇದು ಮನೆಯಲ್ಲಿ ನಡೆದುಬಂದ ಹಂಚಿಕೆಯೇ. ಶಾಲೆ ಅದನ್ನು ಒಡೆಯುವ ಬದಲು ಅದಕ್ಕೆ ಖಾತೆಯ ಹೆಸರು ಕೊಟ್ಟಿದೆ.

ಒಂದು ಶಾಲೆಯ ಅಧಿವೇಶನದ ದಿನ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪ್ರಶ್ನೋತ್ತರ ನಡೆದಿತ್ತು. ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು, ಉತ್ತರಗಳನ್ನು ಮಂತ್ರಿಗಳು ಬಾಯಿಪಾಠ ಮಾಡಿದ್ದರು. ‘ಮಾನ್ಯ ಸಭಾಪತಿಗಳೇ, ಶಾಲಾ ಕೈತೋಟದ ಅಭಿವೃದ್ಧಿಗೆ ಯಾವ ಕ್ರಮ ಕೈಗೊಳ್ಳಲಾಗಿದೆ?’ ‘ಮಾನ್ಯ ಸದಸ್ಯರ ಗಮನಕ್ಕೆ ತರಬಯಸುವುದೇನೆಂದರೆ...’ ಹೀಗೆ ಸಾಗುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಚೀಟಿಯಿಲ್ಲದೆ ಎದ್ದು ನಿಂತಳು. ‘ಹುಡುಗೀರ ಟಾಯ್ಲೆಟ್ ಬೀಗದ ಕೈ ಯಾಕೆ ಸ್ಟಾಫ್ ರೂಮಲ್ಲಿ ಇಟ್ಟಿರ್ತೀರಿ? ಪ್ರತಿಸಲ ಹೋಗಿ ಸರ್ ಹತ್ರ ಕೇಳಬೇಕು.’ ಆರೋಗ್ಯ ಮಂತ್ರಿ ತನ್ನ ಚೀಟಿ ತಿರುಗಿಸಿ ನೋಡಿದ. ಅಲ್ಲಿ ಉತ್ತರ ಇರಲಿಲ್ಲ. ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ‘ಅದನ್ನ ಆಮೇಲೆ ನೋಡೋಣಮ್ಮ, ಕೂತ್ಕೋ’ ಅಂದರು. ಮುಂದಿನ ಪ್ರಶ್ನೆಗೆ ಹೋದರು.

ಆ ಮೇಷ್ಟ್ರು ಒಳ್ಳೆಯವರು. ಅತಿಥಿಗಳು ಬಂದಿದ್ದರು, ಹೊತ್ತು ಮೀರುತ್ತಿತ್ತು. ಆದರೆ ಇಡೀ ಅಧಿವೇಶನದಲ್ಲಿ ಸಂಸತ್ತು ನಿಜವಾಗಿ ಸಂಸತ್ತಾಗಿದ್ದು ಆ ಅರ್ಧ ನಿಮಿಷ ಮಾತ್ರ. ಆಮೇಲೆ ನಡಾವಳಿ ಪುಸ್ತಕ ತೆರೆದು ನೋಡಿದೆ. ‘ಅಧಿವೇಶನ ಯಶಸ್ವಿಯಾಗಿ ನೆರವೇರಿತು’ ಎಂದಿತ್ತು, ಚೀಟಿಯ ಪ್ರಶ್ನೆಗಳೆಲ್ಲ ಇದ್ದವು. ಬೀಗದ ಕೈಯ ಪ್ರಶ್ನೆ ಇರಲಿಲ್ಲ. ಅಲ್ಲಿ ಕುಳಿತಿದ್ದ ಅಷ್ಟೂ ಮಕ್ಕಳಿಗೆ ಆ ದಿನ ಒಂದು ಪಾಠವಾಯಿತು: ಕೇಳಬೇಕಾದದ್ದನ್ನು ಇಲ್ಲಿ ಕೇಳುವಂತಿಲ್ಲ. ಆ ಹುಡುಗ ‘ಹೆಡ್‌ಮೇಷ್ಟ್ರನ್ನು ಕೇಳಿ ಸೋಮವಾರ ಹೇಳ್ತೀನಿ’ ಎಂದಿದ್ದರೆ ಸಾಕಿತ್ತು. ಹಾಗೆನ್ನಬಹುದು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಉಳಿದ ಸಂಘಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಕೋ ಕ್ಲಬ್, ವಿಜ್ಞಾನ ಸಂಘ, ಮತದಾರರ ಸಾಕ್ಷರತಾ ಸಂಘ, ಸಾಹಿತ್ಯ ಸಂಘ, ಒಂದೊಂದಕ್ಕೂ ಒಂದು ರಿಜಿಸ್ಟರ್, ಒಬ್ಬ ನೋಡಲ್ ಶಿಕ್ಷಕ. ಶಿಕ್ಷಕರ ಕೊರತೆಯಿರುವ ಶಾಲೆಯಲ್ಲಿ ಎಲ್ಲಕ್ಕೂ ಒಬ್ಬರೇ. ಹೀಗಾಗಿ ಪರಿಸರ ದಿನಕ್ಕೆ ಗಿಡ, ವಿಜ್ಞಾನ ದಿನಕ್ಕೆ ಭಾಷಣ, ಅಲ್ಲಿಗೆ ವರ್ಷ ಮುಗಿಯುತ್ತದೆ. ಪ್ರತಿಭಾ ಕಾರಂಜಿಯಿಂದ ಹಳ್ಳಿಯ ಮಕ್ಕಳಿಗೆ ವೇದಿಕೆ ಸಿಕ್ಕಿದೆ, ಅದು ದೊಡ್ಡ ಕೊಡುಗೆ. ಆದರೆ ಅಲ್ಲಿನ ಚರ್ಚಾಸ್ಪರ್ಧೆಗೆ ಬರುವ ಎಷ್ಟೋ ಮಕ್ಕಳ ಪರ–ವಿರೋಧದ ಮಾತನ್ನು ಶಿಕ್ಷಕರೇ ಬರೆದುಕೊಟ್ಟಿರುತ್ತಾರೆ. ಎದುರಾಳಿ ಏನೆಂದ ಎಂಬುದಕ್ಕೆ ಕಿವಿಗೊಡುವ ಅಗತ್ಯವೇ ಇಲ್ಲದ ಚರ್ಚೆ ಅದು.

ಹೋಲಿಸಿದರೆ ಸ್ಕೌಟ್ಸ್ ಮತ್ತು ಗೈಡ್ಸ್ ಹಳೆಯದಾದರೂ ಗಟ್ಟಿಯಾಗಿದೆ. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನಲ್ಲಿ ಮೊದಲ ಶಿಬಿರ ನಡೆಸಿದಾಗಲೇ ಹುಡುಗರನ್ನು ಸಣ್ಣ ಪೆಟ್ರೋಲ್‌ಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದ್ದ. ಆ ಪದ್ಧತಿ ಇವತ್ತಿಗೂ ಇದೆ. ಶಿಬಿರದಲ್ಲಿ ಪೆಟ್ರೋಲ್ ಲೀಡರ್ ಟೆಂಟ್ ಎಲ್ಲಿ ಹಾಕಬೇಕೆಂದು ತೀರ್ಮಾನಿಸುತ್ತಾನೆ. ತಪ್ಪು ಜಾಗ ಆರಿಸಿದರೆ ಮಳೆ ಬಂದಾಗ ಎಲ್ಲರೂ ನೆನೆಯುತ್ತಾರೆ, ಅವನೂ ನೆನೆಯುತ್ತಾನೆ. ತೀರ್ಮಾನಕ್ಕೂ ಪರಿಣಾಮಕ್ಕೂ ನಡುವೆ ದೊಡ್ಡವರು ನಿಂತಿರುವುದಿಲ್ಲ. ನಾಯಕತ್ವ ಕಲಿಯುವುದು ಅಲ್ಲಿ. ಸಮವಸ್ತ್ರದ ಖರ್ಚು, ತರಬೇತಿ ಪಡೆದ ಶಿಕ್ಷಕರ ಅಭಾವದಿಂದ ಅದು ಎಲ್ಲ ಮಕ್ಕಳನ್ನೂ ಮುಟ್ಟಿಲ್ಲ ಎನ್ನುವುದೇ ಕೊರತೆ.

ಇನ್ನೂ ಹತ್ತಿರದ ಮಾದರಿ ನಮ್ಮಲ್ಲೇ ಇದೆ. ಮಕ್ಕಳ ಮಾತಿಗೆ ಕಿವಿಗೊಡಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದು, ಭಾರತ ಅದನ್ನು ಒಪ್ಪಿದ್ದು 1992ರಲ್ಲಿ. ಅದೇ ದಶಕದಲ್ಲಿ ಕುಂದಾಪುರದ ಕಡೆಯ ಕೆರಾಡಿಯಂಥ ಊರುಗಳಲ್ಲಿ ದುಡಿಯುವ ಮಕ್ಕಳ ‘ಭೀಮ ಸಂಘ’ ಮಕ್ಕಳ ಪಂಚಾಯಿತಿ ಕಟ್ಟಿತು. ಶಾಲೆಗೆ ಹೋಗದ ಮಕ್ಕಳಿಗೂ ಅಲ್ಲಿ ಜಾಗವಿತ್ತು. ಅವರು ಎತ್ತಿದ ವಿಷಯಗಳು ಕಾಲುಸಂಕ, ನೀರು, ಸೌದೆಯಂಥವು. ಮುಖ್ಯವಾದದ್ದೆಂದರೆ ಅಧಿಕಾರಿಗಳು, ಪಂಚಾಯಿತಿಯವರು ಎದುರು ಕುಳಿತು ಉತ್ತರ ಹೇಳುವ ಏರ್ಪಾಡನ್ನು ಅದು ಮಾಡಿಕೊಂಡಿತ್ತು. ಮುಂದೆ ರಾಜ್ಯ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಶಾಲಾ ಸಂಸತ್ತಿಗೂ ಈ ಗ್ರಾಮಸಭೆಗೂ ನಂಟೇ ಇಲ್ಲದಿರುವುದು ನನಗೆ ಅತ್ಯಂತ ಬೇಸರದ ಸಂಗತಿ. ಒಂದೇ ಊರಿನ ಅದೇ ಮಕ್ಕಳು ಜುಲೈನಲ್ಲಿ ಮಂತ್ರಿಗಳಾಗಿ, ಚಳಿಗಾಲದಲ್ಲಿ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗಿ ಸ್ವಾಗತಗೀತೆ ಹಾಡಿ ಬರುತ್ತಾರೆ.

ಮುಖ್ಯೋಪಾಧ್ಯಾಯರನ್ನು ಕೇಳಿದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಅನ್ನುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಫಲಿತಾಂಶ ಕುಸಿದರೆ ನೋಟಿಸು ಬರುತ್ತದೆ, ಸಂಸತ್ತು ಸೇರದಿದ್ದರೆ ಯಾರೂ ಕೇಳುವುದಿಲ್ಲ. ಡಿಸೆಂಬರ್ ಬಂತೆಂದರೆ ಹತ್ತನೇ ತರಗತಿಯ ಪ್ರಧಾನಮಂತ್ರಿ ವಿಶೇಷ ತರಗತಿ, ಪ್ರಿಪರೇಟರಿಗಳ ನಡುವೆ ಬ್ಯಾಡ್ಜನ್ನೇ ಮರೆತಿರುತ್ತಾನೆ. ಸಂಜೆ ನಿಲ್ಲಿಸಿಕೊಳ್ಳೋಣವೆಂದರೆ ಊರಿನ ಕೊನೆಯ ಬಸ್ಸು ತಪ್ಪುತ್ತದೆ, ಹೆಣ್ಣುಮಕ್ಕಳ ಮನೆಯಲ್ಲಿ ಒಪ್ಪುವುದಿಲ್ಲ. ಹಾಗಿದ್ದರೆ ಪ್ರಧಾನಿಯನ್ನು ಒಂಬತ್ತನೇ ತರಗತಿಯಿಂದಲೇ ಆರಿಸಬಹುದು. ತಿಂಗಳಿಗೊಂದು ಶನಿವಾರ ಬ್ಯಾಗ್‌ರಹಿತ ದಿನವೆಂದು ಇಲಾಖೆಯೇ ಬಿಟ್ಟುಕೊಟ್ಟಿದೆ. ಅದರಲ್ಲಿ ಒಂದು ಪೀರಿಯಡ್ ಸಂಸತ್ತಿಗೆ ಸಾಕು. ಅತಿಥಿ ಬೇಡ, ಹಾರ ಬೇಡ, ಚೀಟಿ ಬೇಡ. ಮಕ್ಕಳ ಪ್ರಶ್ನೆಯನ್ನು ಮಕ್ಕಳೇ ಬರೆದುಕೊಳ್ಳಲಿ, ಎದುರಿಗೆ ಖಾಲಿ ಬಿಟ್ಟ ಜಾಗದಲ್ಲಿ ಮುಖ್ಯೋಪಾಧ್ಯಾಯರು ಉತ್ತರ ಬರೆದು ಸಹಿ ಹಾಕಲಿ. ‘ಹಣವಿಲ್ಲ’ ಎಂಬುದೂ ಉತ್ತರವೇ. ಯಾಕಿಲ್ಲ ಎಂದು ಮಕ್ಕಳು ಮುಂದಿನ ತಿಂಗಳು ಕೇಳಬಹುದು. ಗ್ರಂಥಾಲಯಕ್ಕೆ ಯಾವ ಪುಸ್ತಕ ತರಬೇಕು, ಆಟದ ಸಾಮಾನಿನಲ್ಲಿ ಹುಡುಗಿಯರ ಪಾಲೆಷ್ಟು, ಹೊಸ ನಲ್ಲಿ ಎಲ್ಲಿ ಬರಬೇಕು ಎಂಬಂಥ ಒಂದೆರಡು ವಿಷಯಗಳಲ್ಲಿ ಕೊನೆಯ ಮಾತು ಅವರದೇ ಆಗಿರಲಿ.

ಶಾಲೆಯೊಳಗೆ ಬಗೆಹರಿಯದ ಪ್ರಶ್ನೆಗಳು ಉಳಿಯುತ್ತವೆ: ಬಸ್ಸಿನ ಸಮಯ, ಗೇಟಿನೆದುರಿನ ಗುಟ್ಕಾ ಅಂಗಡಿ, ಕಾಂಪೌಂಡ್. ಅವುಗಳ ಪಟ್ಟಿ ಹಿಡಿದು ಪ್ರಧಾನಮಂತ್ರಿಯೂ ವಿರೋಧ ಪಕ್ಷದ ನಾಯಕಿಯೂ ಒಟ್ಟಿಗೆ ಮಕ್ಕಳ ಗ್ರಾಮಸಭೆಗೆ ಹೋಗಲಿ, ಪಿಡಿಒ ಅವರಿಂದ ಸ್ವೀಕೃತಿ ಬರೆಸಿಕೊಂಡು ಬರಲಿ. ಮರುವರ್ಷದ ಸಭೆ ಆ ಪಟ್ಟಿಯಿಂದಲೇ ಶುರುವಾಗಬೇಕು: ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ.